ಎಂಟನೆಯ ಫಾರಂ

ಮಾರ್ಚ್ ೪

ಅಪ್ಪನಿಗೆ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಊಟ ಆಯ್ತಾ, ಹುಷಾರಾಗಿದ್ದೀಯಾ, ತಗೋ ನಿಮ್ಮಮ್ಮಂಗೆ ಕೊಡ್ತೀನಿ" ಎಂದು ಮೂರು ಮೆಟ್ಟಿಲು ಹತ್ತಿ ಇಳಿದುಬಿಡುತ್ತೀರಿ. ನಾನು ಕೇಳಬೇಕಾದದ್ದು ನಾಲ್ಕನೆಯ ಮೆಟ್ಟಿಲಿನ ಮೇಲಿದೆ. ಅದಕ್ಕೇ ಈ ಕಾಗದ.

ಆಸ್ಪತ್ರೆಯಿಂದ ನನ್ನ ಕೋಣೆಗೆ ಬರುವ ದಾರಿಯಲ್ಲಿ ಒಂದು ವಾಚನಾಲಯವಿದೆ. ಹೋದ ಶನಿವಾರ ಮಧ್ಯಾಹ್ನ ಅಲ್ಲಿ ಕೆಳಗಿನ ಸಾಲಿನಲ್ಲಿ ಬಗ್ಗಿ ಹುಡುಕುತ್ತಿದ್ದಾಗ ನಮ್ಮ ಸೇತುವೆಯ ಪುಸ್ತಕ ಕೈಗೆ ಬಂತು. ನೀವು ನೀಲಿ ಬಟ್ಟೆ ಹಾಕಿ ಕಟ್ಟಿಕೊಟ್ಟ ನನ್ನ ಪ್ರತಿಯಲ್ಲ. ಅಂಗಡಿಯಲ್ಲಿ ಮಾರುವಂಥದ್ದು, ಹಳದಿ ರಟ್ಟಿನದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲ ಇರುವಂಥದ್ದು.

ಎಲ್ಲ ಇರುವ ಪುಸ್ತಕ ನಮ್ಮ ಮನೆಯಲ್ಲಿ ಯಾವತ್ತಿತ್ತು ಹೇಳಿ. ನಿಮ್ಮ ಬೈಂಡಿಂಗ್ ಮನೆಯಲ್ಲಿ ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫಾರಂ. ಅಂಥ ಫಾರಂಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಪುಸ್ತಕ. ಮಸಿ ಮೆತ್ತಿದ್ದು, ಓರೆಯಾಗಿ ಅಚ್ಚಾದದ್ದು, ಸುಕ್ಕು ಬಿದ್ದದ್ದು ರದ್ದಿಗೆ. ಆ ರದ್ದಿಯನ್ನು ಆರಿಸಿ ತಂದು ನೀವು ನನಗೆ ಪುಸ್ತಕ ಕಟ್ಟುತ್ತಿದ್ದಿರಿ, ನಾನು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. ಯಾವ ಫಾರಂ ಕೆಡದೆ ಚೆನ್ನಾಗಿ ಅಚ್ಚಾಗಿರುತ್ತಿತ್ತೋ ಅದು ನಮ್ಮ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಬೇರೆ ಮಕ್ಕಳ ಪುಸ್ತಕ ಮುಗಿಯುತ್ತಿತ್ತು, ನನ್ನದು ನಿಲ್ಲುತ್ತಿತ್ತು.

ನಿಂತಲ್ಲಿ ನಿಮ್ಮನ್ನು ಕೇಳುತ್ತಿದ್ದೆ. "ಹಾಳೆ ಹೊಲಿಯುವಾಗ ಕಣ್ಣಿಗೆ ಬಿದ್ದದ್ದು ಅಷ್ಟಿಷ್ಟು ನೆನಪಿದೆ" ಎಂದು ನೀವು ಶುರುಮಾಡುತ್ತಿದ್ದಿರಿ. ನೀವು ಹೇಳಿದ ಭಾಗಗಳಲ್ಲಿ ಕಳ್ಳರಿಗೂ ರಾಜರಿಗೂ ಕೊನೆಗೆ ಬಿಸಿ ಚಹಾ ಸಿಗುತ್ತಿತ್ತು. ಹತ್ತು ವರ್ಷವಾದಾಗಲೇ ನನಗೆ ಗೊತ್ತಾಗಿತ್ತು, ಚಹಾ ಬಂತೆಂದರೆ ಅದು ಅಪ್ಪನ ಕಥೆ ಎಂದು.

ಸೇತುವೆಯ ಪುಸ್ತಕ ಬಂದಾಗ ನನಗೆ ಹದಿನಾಲ್ಕು. ಸೇತುವೆಯ ಕಾವಲುಗಾರ ಹಲಗೆ ತೆಗೆದ ಜಾಗದಲ್ಲಿ ಕೆಂಪು ದೀಪ ಹಚ್ಚಿಡುವುದನ್ನು ಮರೆಯುತ್ತಾನೆ. ಮಂಜಿನಲ್ಲಿ ಗಾಡಿಯೊಂದು ನೀರಿಗೆ ಬೀಳುತ್ತದೆ, ಗಾಡಿಯವನ ಕಾಲು ಮುರಿಯುತ್ತದೆ. ಅಪವಾದ ಆಚೆ ದಡದ ಕಾವಲುಗಾರನ ಮೇಲೆ ಬರುತ್ತದೆ, ಅವನೋ ಇವನ ಗೆಳೆಯ. ನೂರ ಹನ್ನೆರಡನೆಯ ಪುಟದ ಕೊನೆಯಲ್ಲಿ ಇವನು ಅಧಿಕಾರಿಯ ಮನೆಯ ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದಾನೆ. ಮುಂದಿನ ಪುಟ ನೂರ ಇಪ್ಪತ್ತೊಂಬತ್ತು. ಅಲ್ಲಿ ಅವನು ಬೇರೆ ಊರಿನಲ್ಲಿ ಬಲೆ ಹೆಣೆಯುತ್ತ ಕೂತಿದ್ದಾನೆ. ಎಂಟನೆಯ ಫಾರಂ ಇಲ್ಲ.

ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. ಅವನು ಒಳಗೆ ಹೋದ. ಕೂತುಕೋ ಎಂದರು. "ಕೂತರೆ ಹೇಳೋಕಾಗಲ್ಲ, ನಿಂತೇ ಹೇಳ್ತೀನಿ" ಎಂದ. ಬಲಗೈ ಮುಂದೆ ಚಾಚಿ, "ಇದು ದೀಪ ಹಚ್ಚದ ಕೈ. ಅವನದಲ್ಲ" ಎಂದ. ಅವನ ಕೆಲಸ ಹೋಯಿತು, ಊರು ಬಿಟ್ಟ. ಚಹಾ ಬರಲಿಲ್ಲ. ಅದಕ್ಕೇ ನಂಬಿದೆ.

ಈಗ ನಿಮಗೆ ಹೇಳದೆ ಇದ್ದ ಒಂದು ವಿಷಯ. ಹೋದ ವರ್ಷ ನನ್ನನ್ನು ರಕ್ತಪರೀಕ್ಷೆಯ ಕೋಣೆಯಿಂದ ಹಳೆಯ ಕಡತಗಳ ಕೋಣೆಗೆ ಹಾಕಿದರಲ್ಲ, ಅದು ನಾನು ಕೇಳಿ ಪಡೆದ ಬದಲಾವಣೆಯಲ್ಲ. ಎರಡು ಸೀಸೆಗಳ ಚೀಟಿ ಅದಲುಬದಲು ಅಂಟಿಸಿದ್ದೆ. ಒಬ್ಬರಿಗೆ ನಾಲ್ಕು ದಿನ ಬೇಡದ ಔಷಧ ಹೋಯಿತು. ಪುಣ್ಯಕ್ಕೆ ಚೇತರಿಸಿಕೊಂಡರು. ಆ ದಿನದ ಹಾಳೆಯಲ್ಲಿ ಸಹಿ ಇದ್ದದ್ದು ಪಕ್ಕದ ಮೇಜಿನ ದೊಡ್ಡಕ್ಕನದು. ಅವರ ನಿವೃತ್ತಿಗೆ ಎರಡೇ ವರ್ಷ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೋಗಿ ನಿಂತೇ ಹೇಳಿದೆ. ನನಗೆ ಆ ಧೈರ್ಯ ಕೊಟ್ಟದ್ದು ಆ ಪುಸ್ತಕ ಎಂದು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದ್ದೇನೆ, ಗೊತ್ತೆ?

ಶನಿವಾರ ಹಳದಿ ಪುಸ್ತಕದಲ್ಲಿ ಎಂಟನೆಯ ಫಾರಂ ಓದಿದೆ. ಅವನು ಗೇಟಿನ ಮೇಲಿನ ಕೈ ತೆಗೆಯುತ್ತಾನೆ. ಮನೆಯ ಹಿಂದಿನಿಂದ ಸುತ್ತಿ ಹೋಗಿ ದೋಣಿ ಹತ್ತುತ್ತಾನೆ. ಅಷ್ಟೇ. ಹದಿನಾರು ಪುಟವೂ ಓಟವೇ.

ಹಾಗಾದರೆ ನನಗೆ ಹೇಳಿದ್ದು ಯಾರು?

ನಿಮ್ಮ,
ಸೂಜಿ


ಮಾರ್ಚ್ ೧೫

ಸೂಜಿಗೆ,

ಲಕೋಟೆಯ ದಪ್ಪ ನೋಡಿ ನಿಮ್ಮಮ್ಮ "ಮದುವೆ ಗಿದುವೆ ಮಾಡ್ಕೊಂಡ್ಲೇನೋ, ಬೇಗ ಓದಿ" ಅಂದಳು. ಪುಸ್ತಕದ ವಿಷಯ ಅಂದೆ. ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋದಳು. ಕೆಲಸದ ಕೋಣೆ ಬದಲಾದ ಸಂಗತಿ ಅವಳಿಗೆ ಇನ್ನೂ ಹೇಳಿಲ್ಲ.

ಆ ಫಾರಂ ರದ್ದಿಯಲ್ಲಿ ಸಿಕ್ಕಿರಲಿಲ್ಲ. ನೀನು ಪ್ರಾಣ ತಿನ್ನುತ್ತಿದ್ದೆ. ಬಾಯಿಗೆ ಬಂದದ್ದು ಹೇಳಿದೆ. ಅವತ್ತು ಚಹಾ ಮರೆತಿರಬೇಕು. ಹದಿನೇಳು ವರ್ಷದ ಹಿಂದಿನ ಮಾತಿಗೆ ಈಗ ಲೆಕ್ಕ ಕೇಳಿದರೆ ನಾನೇನು ಹೇಳಲಿ? ಪುಸ್ತಕ ಬರೆದವರ ಕಥೆ ಅವರದು. ನಾನು ಹೊಲಿಯುವವನು.

ಇಲ್ಲಿ ಎಲ್ಲ ಮಾಮೂಲು. ಹೊಸ ಅಂಟು ವಾಸನೆ ಹೊಡೆಯುತ್ತದೆ. ಕಣ್ಣು ಸ್ವಲ್ಪ ಮಂಜು, ದಾರ ಪೋಣಿಸಲು ಕಷ್ಟ. ಆಗೆಲ್ಲ ನಿನ್ನ ನೆನಪಾಗುತ್ತದೆ.

ಒಂದು ಕೇಳಲೇ? ನೀನು ಒಳಗೆ ಹೋದಾಗ ಕೋಣೆಯಲ್ಲಿ ಯಾರು ಯಾರು ಇದ್ದರು? ಮೊದಲ ಮಾತು ಏನು ಆಡಿದೆ? ಕೈ ನಡುಗಿತಾ? ಸುಮ್ಮನೆ ಕೇಳಿದೆ.

ನಿನ್ನ ಅಪ್ಪ


ಮಾರ್ಚ್ ೨೮

ಅಪ್ಪನಿಗೆ,

ಸುಮ್ಮನೆ ಕೇಳುವ ಜಾಯಮಾನದವರಲ್ಲ ನೀವು. ಆದರೂ ಹೇಳುತ್ತೇನೆ.

ಕೋಣೆಯಲ್ಲಿ ಮೂವರಿದ್ದರು. ಮುಖ್ಯ ವೈದ್ಯರು, ಅವರ ಗುಮಾಸ್ತೆ, ಮೂಲೆಯ ಕುರ್ಚಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ದೊಡ್ಡಕ್ಕ. ಬಾಗಿಲ ಹೊರಗೆ ನಾನು ಮೂರು ಸಲ ನೀರು ಕುಡಿದೆ. ಕೈ ನಡುಗಿತು. ವೈದ್ಯರು "ಕೂತ್ಕೊಳ್ಳಿ" ಅಂದರು. ಆಗ ನಿಮ್ಮ ಕಾವಲುಗಾರ ಬೆನ್ನ ಹಿಂದೆ ನಿಂತ ಹಾಗಾಯಿತು. "ಇಲ್ಲ ಸರ್, ನಿಂತೇ ಹೇಳ್ತೀನಿ. ಆ ಚೀಟಿ ಅಂಟಿಸಿದ್ದು ಇವರಲ್ಲ, ನಾನು" ಅಂದೆ. ಗುಮಾಸ್ತೆ ಬರೆಯುವುದನ್ನು ನಿಲ್ಲಿಸಿದಳು. ಆಮೇಲೆ ಎಲ್ಲ ಗಡಿಬಿಡಿ, ಸರಿಯಾಗಿ ನೆನಪಿಲ್ಲ. ನೆನಪಿರುವುದು ಒಂದೇ. ಹೊರಗೆ ಬಂದಾಗ ಹಸಿವಾಗಿತ್ತು. ನಾಲ್ಕು ದಿನದಿಂದ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ಆ ಹಸಿವು ನನಗೆ ಸಿಕ್ಕಿದ್ದು ಒಂದು ಪುಸ್ತಕದಿಂದ ಎಂದುಕೊಂಡಿದ್ದೆ. ಇನ್ನೊಂದು ಸಂಗತಿ ಕೇಳಿ. ಹಳದಿ ಪುಸ್ತಕವನ್ನು ಪೂರ್ತಿ ಓದಿದೆ. ನೂರ ಇಪ್ಪತ್ತೊಂಬತ್ತರಿಂದ ಮುಂದೆ ಒಂದೇ ಒಂದು ಪದವೂ ಬೇರೆ ಇಲ್ಲ. ಅವನು ಬಲೆ ಹೆಣೆಯುತ್ತಾನೆ, ಯಾರ ಹತ್ತಿರವೂ ಹೆಚ್ಚು ಮಾತಾಡುವುದಿಲ್ಲ, ಸಂಜೆ ನೀರು ನೋಡುತ್ತ ಕೂರುತ್ತಾನೆ. ನನಗೆ ಅದು ಹೇಳಬೇಕಾದದ್ದನ್ನು ಹೇಳಿ ಮುಗಿಸಿದವನ ಮೌನವಾಗಿತ್ತು. ಎಷ್ಟು ನೆಮ್ಮದಿಯ ಮನುಷ್ಯ ಎಂದುಕೊಂಡೇ ಬೆಳೆದೆ. ಈಗ ಅದೇ ಸಾಲು ಓದಿದರೆ ಬೇರೆಯೇ ಮನುಷ್ಯ ಕಾಣುತ್ತಾನೆ. ಬಾಯಿ ಬಿಟ್ಟರೆ ಎಲ್ಲಿ ಹೊರಬರುತ್ತದೋ ಎಂದು ಹೆದರಿ ತುಟಿ ಬಿಗಿದುಕೊಂಡವನು ಅವನು. ಬರೆದವರನ್ನು ಮೆಚ್ಚಿದೆ. ನಿಮ್ಮನ್ನು ಅದಕ್ಕಿಂತ ಹೆಚ್ಚು ಮೆಚ್ಚಿದೆ, ಯಾಕೆಂದರೆ ಹದಿನಾರು ಪುಟ ಬದಲಿಸಿ ಉಳಿದ ಇನ್ನೂರು ಪುಟವನ್ನು ಬೇರೆ ಪುಸ್ತಕ ಮಾಡಿದಿರಿ.

ಆದರೆ ಅಪ್ಪ, ನಾನು ಸೂಜಿ. ಆರು ವರ್ಷದವಳಿದ್ದಾಗಿನಿಂದ ನಿಮ್ಮ ಹೊಲಿಗೆ ನೋಡಿದವಳು. ನಿನ್ನೆ ನೀಲಿ ಪುಸ್ತಕದ ಬೆನ್ನು ಬಿಡಿಸಿ ನೋಡಿದೆ. ಏಳನೆಯ ಫಾರಂಗೂ ಒಂಬತ್ತನೆಯದಕ್ಕೂ ನಡುವೆ ದಾರ ಜೋತುಬಿದ್ದಿದೆ, ಸರಿಯಾಗಿ ಒಂದು ಫಾರಂ ದಪ್ಪದಷ್ಟು. ದಾರಕ್ಕೆ ಕಾಗದದ ಎಳೆ ಸಿಕ್ಕಿಕೊಂಡಿದೆ. ಇಲ್ಲದ ಫಾರಂಗೆ ಯಾರೂ ಜಾಗ ಬಿಟ್ಟು ಹೊಲಿಯುವುದಿಲ್ಲ. ಅದನ್ನು ಹೊಲಿದಿದ್ದಿರಿ, ಆಮೇಲೆ ಮಡಿಕೆ ಸೀಳಿ ತೆಗೆದಿದ್ದೀರಿ.

ಯಾಕೆ?

ಸೂಜಿ


ಏಪ್ರಿಲ್ ೨೦

ಸೂಜಿಗೆ,

ಹೊಲಿಗೆ ಕಲಿಸಬಾರದಿತ್ತು ನಿನಗೆ.

ಇಪ್ಪತ್ತು ದಿನದಲ್ಲಿ ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ. ಈ ಸಲ ನಿಂತು ಬರೆಯುತ್ತಿದ್ದೇನೆ, ಕೆಲಸದ ಮೇಜಿನ ಮೇಲೆ ಕಾಗದ ಇಟ್ಟುಕೊಂಡು. ನಗಬೇಡ.

ಕತ್ತರಿ ಮಾವ ನಿನಗೆ ನೆನಪಿರಬೇಕು. ನಮ್ಮಲ್ಲಿ ಕಟಿಂಗ್ ಮೆಷಿನ್ ನಡೆಸುತ್ತಿದ್ದ. ಬಣ್ಣದ ಕಾಗದದ ಅಂಚುಗಳನ್ನು ಸುರುಳಿ ಮಾಡಿ ನಿನಗೆ ತಂದುಕೊಡುತ್ತಿದ್ದ. ಅವನಷ್ಟು ನೇರ ಕೈ ನಾನು ನೋಡಿಲ್ಲ. ಇನ್ನೂರು ಹಾಳೆಯ ಕಟ್ಟನ್ನು ಬೆರಳಲ್ಲಿ ಒಮ್ಮೆ ಸವರಿ, ಎಷ್ಟು ಹೆಚ್ಚಿದೆ ಎಂದು ಹೇಳುತ್ತಿದ್ದ. ಆಮೇಲೆ ಅಳತೆಪಟ್ಟಿ ಇಟ್ಟರೆ ಅದೂ ಅಷ್ಟೇ ಹೇಳುತ್ತಿತ್ತು.

ನಿನಗೆ ಹದಿಮೂರು ವರ್ಷ. ಅವತ್ತು ಮಧ್ಯಾಹ್ನ ಅವನು ಊಟಕ್ಕೆ ಹೋಗಿದ್ದ. ನಿನಗಾಗಿ ಕಟ್ಟಿದ ರದ್ದಿಯ ಪುಸ್ತಕವೊಂದು ನನ್ನ ಕೈಯಲ್ಲಿತ್ತು, ಅದರ ಅಂಚು ಒರಟಾಗಿತ್ತು. ಅವನ ಮೆಷಿನ್ನಿನಲ್ಲಿ ಒಂದೇ ಸಲ ಕೊಯ್ದುಕೊಳ್ಳೋಣ ಎಂದು ಹಿಂದಿನ ತಡೆಪಟ್ಟಿ ಸರಿಸಿದೆ. ಕಾಗದ ಬ್ಲೇಡಿನ ಕೆಳಗೆ ಎಷ್ಟು ಒಳಗೆ ಹೋಗಬೇಕೆಂದು ತಡೆಯುವ ಕಬ್ಬಿಣದ ಪಟ್ಟಿ ಅದು. ಕೊಯ್ದೆ. ಪಟ್ಟಿಯನ್ನು ಮೊದಲಿನ ಜಾಗಕ್ಕೆ ತಂದೆನೆಂದುಕೊಂಡೆ. ತಂದಿರಲಿಲ್ಲ.

ಅವನು ಊಟ ಮುಗಿಸಿ ಬಂದು ದೊಡ್ಡ ನಿಘಂಟಿನ ಕಟ್ಟುಗಳನ್ನು ಕೊಯ್ಯಲು ಶುರುಮಾಡಿದ. ಬೆಳಗ್ಗೆ ತಾನೇ ಇಟ್ಟ ಅಳತೆ, ಮತ್ತೆ ನೋಡುವ ಅಗತ್ಯ ಅವನಿಗೆ ಕಾಣಲಿಲ್ಲ. ರಟ್ಟು ಹಾಕುವ ಮೇಜಿನಲ್ಲಿ ಯಾರೋ ಪುಟ ತಿರುವಿ ಕೂಗುವ ಹೊತ್ತಿಗೆ ನಾನೂರು ಪ್ರತಿ ಹೋಗಿತ್ತು. ಪ್ರತಿ ಪುಟದ ಕೊನೆಯ ಸಾಲು ನೆಲದ ಮೇಲೆ ಬಿದ್ದಿತ್ತು.

ಮಾಲೀಕರು ಬಂದರು. ಅವನು "ಬೆಳಗ್ಗೆ ನಾನೇ ಅಳತೆ ಇಟ್ಟಿದ್ದು" ಅಂದ, ಬಗ್ಗಿ ಪಟ್ಟಿ ನೋಡಿದ. "ನನ್ನ ಕೈಯೇ ತಪ್ಪಿರಬೇಕು" ಅಂದ. ನಾನು ಮೂರು ಹೆಜ್ಜೆ ದೂರದಲ್ಲಿ ಸೂಜಿ ಹಿಡಿದು ಕೂತಿದ್ದೆ. ಏಳಲಿಲ್ಲ. ಸಂಜೆ ಹೇಳೋಣ ಅಂದುಕೊಂಡೆ. ಸಂಜೆಗೆ ಅವನನ್ನು ತೆಗೆದಿದ್ದರು. ನಾಳೆ ಅಂದುಕೊಂಡೆ.

ಮರುವರ್ಷ ಸೇತುವೆಯ ಪುಸ್ತಕ ನಮ್ಮಲ್ಲಿಗೆ ಹೊಲಿಗೆಗೆ ಬಂತು. ರದ್ದಿಯಲ್ಲಿ ಅಪರೂಪಕ್ಕೆ ಎಲ್ಲ ಫಾರಂ ಸಿಕ್ಕವು. ನಿನಗೆ ಒಂದಾದರೂ ಪೂರ್ತಿ ಪುಸ್ತಕ ಎಂದು ಖುಷಿಪಟ್ಟು ಹೊಲಿದೆ. ಎಂಟನೆಯದನ್ನು ಹೊಲಿಯುವಾಗ ಗೇಟಿನಿಂದ ಕೈ ತೆಗೆಯುವ ಸಾಲು ಕಣ್ಣಿಗೆ ಬಿತ್ತು. ಕೆಲಸ ಬಿಟ್ಟು ಹದಿನಾರು ಪುಟ ಓದಿದೆ. ನನ್ನ ಜಾತಕ ಅಚ್ಚು ಹಾಕಿದ್ದರು. ನೀನು ಅದನ್ನು ಓದಿ ನನ್ನ ಮುಖ ನೋಡುತ್ತೀಯ ಎಂಬುದನ್ನು ತಡೆಯಲಾಗಲಿಲ್ಲ. ಬ್ಲೇಡ್ ತೆಗೆದುಕೊಂಡು ಸೀಳಿದೆ.

ನೀನು ಬಂದು ಮುಂದೇನಾಯಿತು ಅಂದಾಗ ನಾನು ಏನು ಮಾಡಬೇಕಿತ್ತೋ ಅದನ್ನು ಹೇಳಿದೆ. ನೀನು ಅದನ್ನು ಮಾಡಿಬಿಟ್ಟೆ. ನಿನ್ನ ಕಾಗದ ಓದಿ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು. ಯಾವುದು ಹೆಚ್ಚು ಎಂದು ತೂಗಲು ಹೋಗಿಲ್ಲ.

ಆ ಹಾಳೆಗಳು ಇನ್ನೂ ನನ್ನ ಮೇಜಿನ ಖಾನೆಯಲ್ಲಿವೆ.

ಅಪ್ಪ


ಜೂನ್ ೯

ಸೂಜಿಗೆ,

ಐವತ್ತು ದಿನವಾಯಿತು. ಅಂಚೆಯವನು ನಮ್ಮ ಬಾಗಿಲಲ್ಲಿ ನಿಲ್ಲುವುದನ್ನೇ ಮರೆತಿದ್ದಾನೆ.

ನಿಮ್ಮಮ್ಮನಿಗೆ ಎಲ್ಲ ಹೇಳಿದೆ, ನಿನ್ನದೂ, ನನ್ನದೂ. ನಿನ್ನದು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನದು ಕೇಳಿ ಸೆರಗು ಕೊಡವಿ ಎದ್ದಳು. ಆಮೇಲೆ "ಅವನ ಹೆಂಡ್ತಿ ನಂಗೆ ಎಷ್ಟು ಬೇಕಾದವಳಾಗಿದ್ಲು. ಯಾಕೆ ಬರೋದು ಬಿಟ್ಲು ಅಂತ ನಾನು ಹದಿನೆಂಟು ವರ್ಷ ತಲೆ ಕೆಡಿಸ್ಕೊಂಡಿದೀನಿ" ಅಂದಳು. ಅದಾದ ಮೇಲೆ ನನ್ನ ಜೊತೆ ಮಾತು ಕಡಿಮೆ. ತಟ್ಟೆ ಇಡುವ ಸದ್ದು ಜಾಸ್ತಿ.

ನೀನೂ ಸುಮ್ಮನಿದ್ದರೆ ನನಗೆ ಆಗುವುದಿಲ್ಲ. ಬೈದಾದರೂ ಬರೆ.

ಅಪ್ಪ


ಜೂನ್ ೧೮

ಅಪ್ಪನಿಗೆ,

ಬೈದು ನಾಲ್ಕು ಕಾಗದ ಬರೆದಿದ್ದೆ. ಹರಿದುಹಾಕಿದೆ. ನಾಲ್ಕೂ ನಿಮಗಲ್ಲ, ನನಗೇ ಬರೆದುಕೊಂಡ ಹಾಗಿದ್ದವು. ಹದಿಮೂರನೆಯ ವಯಸ್ಸಿನಲ್ಲಿ ಆ ನಯವಾದ ಅಂಚಿನ ಮೇಲೆ ಬೆರಳಾಡಿಸಿ "ಅಂಗಡಿ ಪುಸ್ತಕದ ಥರಾನೇ ಇದೆ" ಎಂದು ಕುಣಿದದ್ದು ನೆನಪಾಯಿತು. ಯಾರಿಗೂ ಹೇಳದೆ ಎರಡು ದಿನ ಅತ್ತೆ.

ಸಿಟ್ಟು ಇನ್ನೂ ಇದೆ, ಮುಚ್ಚಿಡುವುದಿಲ್ಲ. ಆದರೆ ಕಡತಗಳ ಕೋಣೆಯಲ್ಲಿ ಕೂತು ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಹಾಗೆ ಕೂತಾಗ ಒಂದು ವಿಷಯ ಹೊಳೆಯಿತು. ನೀವು ಸುಮ್ಮನೆ ಸುಳ್ಳು ಹೇಳಬೇಕಿದ್ದರೆ ಅವನಿಗೆ ಚಹಾ ಕೊಡಿಸಬಹುದಿತ್ತು. ಅಧಿಕಾರಿ ಬೆನ್ನು ತಟ್ಟಿ ಕ್ಷಮಿಸಿದ ಎನ್ನಬಹುದಿತ್ತು. ನೀವು ಹಾಗೆ ಹೇಳಲಿಲ್ಲ. ಅವನ ಕೆಲಸ ಹೋಯಿತು, ಊರು ಬಿಟ್ಟ ಎಂದಿರಿ. ಸತ್ಯ ಹೇಳಿದವನಿಗೆ ಏನು ಕಾದಿದೆ ಎಂಬುದನ್ನು ಚೂರೂ ಬಚ್ಚಿಡದೆ ಹದಿನಾಲ್ಕು ವರ್ಷದ ಮಗಳಿಗೆ ಹೇಳಿದಿರಿ. ಅದಕ್ಕೇ ನನ್ನನ್ನು ಕಡತಗಳ ಕೋಣೆಗೆ ಹಾಕಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಮೊದಲೇ ಓದಿದ ಪುಟ ಅದು.

ನನ್ನ ಬದುಕನ್ನು ಬದಲಿಸಿದ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ಇನ್ನು ಮುಂದೆಯೂ ಅದೇ ಹೆಸರು ಹೇಳುತ್ತೇನೆ. ಯಾವ ಪ್ರತಿ ಎಂದು ಮಾತ್ರ ಹೇಳುವುದಿಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಕತ್ತರಿ ಮಾವ ಬದುಕಿದ್ದಾರೆಯೆ? ಇದ್ದರೆ ಎಲ್ಲಿದ್ದಾರೆ, ನಿಮಗೆ ಗೊತ್ತಿರಲೇಬೇಕು. ಹೋಗಿ. ಕೋಣೆಯಲ್ಲಿ ಯಾರಿದ್ದರು, ಮೊದಲ ಮಾತು ಏನು, ಕೈ ನಡುಗುತ್ತದಾ ಎಂದು ನನ್ನನ್ನು ಕೇಳಿದ್ದಿರಿ. ಎಲ್ಲ ಹೇಳಿದ್ದೇನೆ. ನಡುಗುತ್ತದೆ. ಆಮೇಲೆ ಹಸಿವಾಗುತ್ತದೆ.

ಸೂಜಿ


ಜುಲೈ ೩೦

ಸೂಜಿಗೆ,

ಹೋಗಿದ್ದೆ.

ಅವನು ಇರುವುದು ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಎಲ್ಲಿ ಎಂದು ಮೊದಲಿನಿಂದಲೂ ಗೊತ್ತಿತ್ತು, ನೀನು ಹೇಳಿದ್ದು ಸರಿ. ರಟ್ಟಿನ ಡಬ್ಬಿ ಮಾಡುವ ಕಡೆ ಚೀಟಿ ಅಂಟಿಸುವ ಕೆಲಸ ಮಾಡುತ್ತಿದ್ದನಂತೆ, ಈಗ ಮನೆಯಲ್ಲೇ. ಮೊದಲ ಮಹಡಿ, ಒಂದೇ ಕಿಟಕಿಯ ಕೋಣೆ. ಅವನ ಹೆಂಡತಿ ಬಾಗಿಲು ತೆಗೆದು ಗುರುತು ಹಿಡಿಯಲಿಲ್ಲ. ಅವನು ಒಳಗಿನಿಂದಲೇ ನನ್ನ ಕೆಮ್ಮಿನಲ್ಲಿ ಹಿಡಿದ.

"ಏನೋ ಇದು, ದಾರಿ ತಪ್ಪಿ ಬಂದ್ಯಾ?" ಅಂದ. ಮುಖದ ತುಂಬ ನಗು. ಆ ನಗು ಕಂಡೇ ಅರ್ಧ ಸತ್ತೆ.

ಅತ್ತಿಗೆ ಹಣ್ಣು ಹೆಚ್ಚುತ್ತಿದ್ದರು. ಒಂದು ಮಾತು ಬರಬೇಕೆಂದು "ಇವನ ಕೈಗೆ ಕೊಡಿ, ಒಂದೇ ಅಳತೆಗೆ ಹೆಚ್ಚುತ್ತಾನೆ" ಅಂದೆ. ಅವರು "ಇವರು ಚಾಕು ಮುಟ್ಟಿ ಹದಿನೆಂಟು ವರ್ಷ ಆಯ್ತು. ಕೈ ಮೇಲೆ ನಂಬಿಕೆ ಇಲ್ವಂತೆ" ಅಂದರು. ಅವನು ಕಿಟಕಿಯ ಕಡೆ ನೋಡಿದ.

ನೀನು ಕಲಿಸಿದ ಹಾಗೆ ನಿಂತೇ ಹೇಳಬೇಕೆಂದು ಹೋಗಿದ್ದೆ. ಬಾಯಿ ಬರಲಿಲ್ಲ. ಚೀಲದಿಂದ ಎಂಟನೆಯ ಫಾರಂ ತೆಗೆದು ಅವನ ಕೈಗಿಟ್ಟು "ಇದನ್ನ ಓದು" ಅಂದೆ. "ಕನ್ನಡಕ ಒಡೆದೈತೆ, ನೀನೇ ಓದು" ಅಂದ. ನನ್ನ ಹಣೆಬರಹ ನೋಡು. ನಿಂತುಕೊಂಡು ಜೋರಾಗಿ ಓದಿದೆ, ಹಿಂದಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ. ಕೈ ತೆಗೆದದ್ದು, ಮನೆಯ ಹಿಂದಿನಿಂದ ಸುತ್ತಿದ್ದು, ದೋಣಿ ಹತ್ತಿದ್ದು. ಹತ್ತನೆಯ ಪುಟಕ್ಕೆ ಬರುವಾಗ ಅವನು ಕೈ ಎತ್ತಿದ.

"ಸಾಕು. ಅವತ್ತು ಪಟ್ಟಿ ಸರಿಸಿದ್ದು ನೀನಾ?"

"ನಾನೇ. ನಿನ್ನ ಕೈಯಲ್ಲ" ಅಂದೆ.

ಅವನು ಎದ್ದು ಒಳಗೆ ಹೋದ. ನಾನು ನಿಂತೇ ಇದ್ದೆ. ಅತ್ತಿಗೆ ಚಾಕು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ತನ್ನ ಎರಡೂ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದ. ನನ್ನ ಕಡೆ ನೋಡದೆ "ಇವತ್ತು ಹೋಗು" ಅಂದ.

ಬಂದುಬಿಟ್ಟೆ. ಚಹಾ ಕೊಡಲಿಲ್ಲ. ಬಸ್ ನಿಲ್ದಾಣದಲ್ಲಿ ಹಸಿವಾಗಲಿಲ್ಲ, ಸೂಜಿ. ಅದೊಂದು ನೀನು ಹೇಳಿದ ಹಾಗೆ ಆಗಲಿಲ್ಲ.

ಮರುದಿನ ನಮ್ಮ ಈಗಿನ ಮಾಲೀಕರಿಗೂ ಹೇಳಿದೆ, ಹಳೆಯ ಮಾಲೀಕರ ಮಗ ಅವರು. ಅವರಿಗೆ ಅದು ನೆನಪೇ ಇರಲಿಲ್ಲ. "ಈಗ ಯಾಕೆ ಅದೆಲ್ಲ" ಅಂದರು. ಹಳೆಯ ಕೆಲಸಗಾರರ ಹೆಸರಿನ ಹಲಗೆಯೊಂದನ್ನು ನಮ್ಮಲ್ಲಿ ಗೋಡೆಗೆ ಹಾಕುತ್ತಿದ್ದಾರೆ, ಅದರಲ್ಲಿ ಅವನ ಹೆಸರು ಸೇರಿಸಬೇಕು ಅಂದೆ. ನೋಡೋಣ ಅಂದಿದ್ದಾರೆ.

ಅಪ್ಪ


ಆಗಸ್ಟ್ ೧೨

ಅಪ್ಪನಿಗೆ,

ಹೋದಿರಲ್ಲ. ಕಾಗದ ಓದಿ ಕಡತಗಳ ನಡುವೆ ಎದ್ದು ನಿಂತೆ, ಯಾರೋ ಹಿರಿಯರು ಕೋಣೆಗೆ ಬಂದ ಹಾಗೆ. ಈ ಮಾತನ್ನು ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆದುಬಿಡುತ್ತೇನೆ. ನಾನು ಹೇಳಿದ್ದು ನಾಲ್ಕು ದಿನದ ಮಾತು. ನೀವು ಹೇಳಿದ್ದು ಹದಿನೆಂಟು ವರ್ಷದ್ದು. ನಿಮ್ಮದು ದೊಡ್ಡದು.

ಈ ಕಟ್ಟಿನಲ್ಲಿ ನೀಲಿ ಪುಸ್ತಕ ಇದೆ. ಜೊತೆಗೆ ಎಂಟು ಹಾಳೆ. ನೀವು ಅವತ್ತು ಹೇಳಿದ ಎಂಟನೆಯ ಫಾರಂ ಅನ್ನು ನೆನಪಿನಿಂದ ಕೈಯಲ್ಲಿ ಬರೆದಿದ್ದೇನೆ, ಹದಿನಾರು ಪುಟ. ಒಂದು ಮಾತನ್ನೂ ನಾನು ಸೇರಿಸಿಲ್ಲ. ಇದನ್ನು ಅದರ ಜಾಗದಲ್ಲಿ ಹೊಲಿಯಿರಿ. ಹಾಳೆ ಸ್ವಲ್ಪ ದೊಡ್ಡದು, ಅಂಚು ಕೊಯ್ಯಬೇಕಾಗುತ್ತದೆ. ಆತುರದಲ್ಲಿ ಬರೆದದ್ದರಿಂದ ಪುಟಗಳ ಕೊನೆಯ ಸಾಲು ಕೆಳಗೆ ತೀರ ಅಂಚಿಗೆ ಬಂದುಬಿಟ್ಟಿದೆ. ಬೈಯಬೇಡಿ.

ಆ ಅಚ್ಚಾದ ಹಾಳೆಗಳನ್ನು ಬಿಸಾಡಬೇಡಿ. ಬರೆದವರದ್ದೂ ಸುಳ್ಳಲ್ಲ.

ಸೂಜಿ


ಅಕ್ಟೋಬರ್ ೨೧

ಸೂಜಿಗೆ,

ನಿನ್ನ ಪುಸ್ತಕ ಬಿಡಿಸಿ, ಹದಿನಾರು ಪುಟ ಸೇರಿಸಿ ಮತ್ತೆ ಹೊಲಿದೆ. ದಾರ ಪೋಣಿಸಿದ್ದು ನಿಮ್ಮಮ್ಮ. ಮಾತು ಈಗ ಪರವಾಗಿಲ್ಲ. ಹೊಲಿದ ಮೇಲೆ ಎರಡು ತಿಂಗಳು ಹಾಗೇ ಇಟ್ಟಿದ್ದೆ. ನಿನ್ನ ಕೊನೆಯ ಸಾಲಿಗೂ ಕೊಯ್ಯುವ ಗೆರೆಗೂ ನಡುವೆ ಒಂದು ದಾರದಷ್ಟು ಜಾಗ. ನನ್ನ ಕಣ್ಣಿಗೆ ಧೈರ್ಯ ಸಾಲಲಿಲ್ಲ, ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಸೋಮವಾರ ಬೆಳಗ್ಗೆ ಬೈಂಡಿಂಗ್ ಮನೆಯ ಬಾಗಿಲಲ್ಲಿ ಕತ್ತರಿ ಮಾವ ನಿಂತಿದ್ದ. ಹೊಸ ಕನ್ನಡಕ ಹಾಕಿದ್ದ. ನಾನು ಎದ್ದೆ. "ಕೂತ್ಕೋ, ಎಲ್ಲಾದಕ್ಕೂ ನಿಂತ್ಕೋಬೇಡ" ಅಂದ. "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಮೂರು ತಿಂಗಳಿಂದ ಮನೇಲಿ ನಾನೇ ಹಣ್ಣು ಹೆಚ್ತಾ ಇದೀನಿ, ಅದನ್ನ ಹೇಳೋಕೆ ಬಂದೆ" ಅಂದ.

ನಾನು ನಿನ್ನ ಪುಸ್ತಕ ತೆಗೆದು ಅವನ ಮುಂದಿಟ್ಟೆ. ಪುಟ ತೆರೆದು ಕೊನೆಯ ಸಾಲು ನೋಡಿದ. ನನ್ನ ಮುಖ ನೋಡಿದ. "ನಿನ್ನ ಮಗಳಿಗೆ ಬುದ್ಧಿ ಇಲ್ಲ, ಇಷ್ಟು ಕೆಳಗೆ ಯಾರಾದ್ರೂ ಬರೀತಾರಾ" ಅಂದ. ಮಧ್ಯಾಹ್ನ ಎಲ್ಲ ಊಟಕ್ಕೆ ಹೋದ ಮೇಲೆ ಮೆಷಿನ್ನಿನ ಹತ್ತಿರ ಹೋದ. ಅದೇ ಮೆಷಿನ್ನು, ಬಣ್ಣ ಮಾತ್ರ ಹೊಸದು. ಪುಸ್ತಕದ ಅಂಚನ್ನು ಬೆರಳಲ್ಲಿ ಸವರಿದ. ತಡೆಪಟ್ಟಿಯನ್ನು ತಾನೇ ಸರಿಸಿದ, ಬಗ್ಗಿ ನೋಡಿದ, ಮತ್ತೆ ಕೂದಲೆಳೆಯಷ್ಟು ಸರಿಸಿದ. ನನಗೆ "ದೂರ ನಿಲ್ಲು" ಅಂದ. ಮೂರು ಹೆಜ್ಜೆ ದೂರ ನಿಂತೆ. ಅವನ ಕೈ ನಡುಗುತ್ತಿತ್ತು, ಹಿಡಿ ಮುಟ್ಟಿದಾಗ ನಿಂತಿತು. ಬ್ಲೇಡ್ ಇಳಿಯಿತು.

ಪುಸ್ತಕ ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದ. ನಿನ್ನ ಕೈಬರಹದ ಹದಿನಾರು ಪುಟವನ್ನು ಒಂದೊಂದಾಗಿ ತಿರುವಿದ. ಗೇಟು ದಾಟಿ ಒಳಗೆ ಹೋದದ್ದು, ನಿಂತು ಹೇಳಿದ್ದು, ಕೈ ಚಾಚಿದ್ದು, ಎಲ್ಲ ಓದಿದ, ತುಟಿ ಅಲ್ಲಾಡಿಸುತ್ತ. ನನಗೆ ಆಗ ಹಸಿವಾಯಿತು, ಸೂಜಿ. ಹೊಟ್ಟೆಯೊಳಗಿನಿಂದ ಎದ್ದು ಬಂತು. "ಚಹಾ ಹೇಳಲಾ?" ಅಂದೆ. ಅವನಿಗೆ ಕೇಳಿಸಲಿಲ್ಲ. ಉಳಿದ ಪುಟಗಳನ್ನೂ ಬಿಡಲಿಲ್ಲ, ಮೊದಲಿನಿಂದ ಕೊನೆಯವರೆಗೆ ಎಲ್ಲದರ ಕೆಳಗಿನ ಅಂಚನ್ನೂ ಬೆರಳಿಟ್ಟು ನೋಡಿದ.

ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ.

"ಕಳಿಸು ಮಗಳಿಗೆ" ಅಂದ. "ಒಂದು ಸಾಲೂ ಹೋಗಿಲ್ಲ."

ನಿನ್ನ ಅಪ್ಪ